ಹಳೆಯ ಟೀ ಶರ್ಟುಗಳ ಕೌದಿ: ಸುಕ್ಕು ಬಿಡಿಸಿದ ಬಗೆ

ಮಗಳು ಚಿಕ್ಕಂದಿನಲ್ಲಿ ತೊಟ್ಟ ಟೀ ಶರ್ಟುಗಳ ಚಿತ್ರಗಳನ್ನು ಚೌಕವಾಗಿ ಕತ್ತರಿಸಿ ಅವಳಿಗೊಂದು ಕೌದಿ ಹೊಲಿಯಲು ಹೊರಟಾಗ, ಮೊದಲ ಸಾಲಿನಲ್ಲೇ ಚೌಕಗಳು ಸೊಟ್ಟಗಾಗಿ ಹೊಲಿಗೆಯುದ್ದಕ್ಕೂ ಸುಕ್ಕು ಬಿದ್ದಿತು. ಯಂತ್ರದ ದಾರದ ಬಿಗಿತವನ್ನು ಎರಡು ದಿನ ಹೆಚ್ಚು ಕಡಿಮೆ ಮಾಡಿದ್ದು ವ್ಯರ್ಥವಾಯಿತು, ಏಕೆಂದರೆ ದೋಷವಿದ್ದದ್ದು ಬಟ್ಟೆಯ ಗುಣದಲ್ಲಿ. ಟೀ ಶರ್ಟಿನ ಬಟ್ಟೆ ನೇಯ್ದದ್ದಲ್ಲ, ಕುಣಿಕೆ ಕುಣಿಕೆಯಾಗಿ ಹೆಣೆದದ್ದು. ಆದ್ದರಿಂದಲೇ ಅದು, ಮುಖ್ಯವಾಗಿ ಅಡ್ಡಕ್ಕೆ, ಸುಲಭವಾಗಿ ಹಿಗ್ಗುತ್ತದೆ.

ಈ ಸಲ ಒಗೆದು ಒಣಗಿಸಿದ ಬಟ್ಟೆಯನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕತ್ತರಿಸಿ, ಇಸ್ತ್ರಿಯ ಶಾಖಕ್ಕೆ ಅಂಟುವ ತೆಳುವಾದ ಫ್ಯೂಸಿಂಗ್ ಬಟ್ಟೆಯನ್ನು ಅದರ ಹಿಂಬದಿಗೆ ಹಚ್ಚಿದೆ. ಇಸ್ತ್ರಿಪೆಟ್ಟಿಗೆಯನ್ನು ಉಜ್ಜದೆ ಒತ್ತಿ ಎತ್ತಬೇಕು. ಉಜ್ಜಿದರೆ ಬಟ್ಟೆ ಹಿಗ್ಗಿದ ಸ್ಥಿತಿಯಲ್ಲೇ ಅಂಟಿಬಿಡುತ್ತದೆ. (ಮುದ್ರಿತ ಚಿತ್ರಕ್ಕೆ ನೇರವಾಗಿ ಶಾಖ ತಾಗಬಾರದೆಂಬುದು ಒಂದು ಶರ್ಟನ್ನು ಹಾಳುಮಾಡಿಕೊಂಡ ಮೇಲೆ ತಿಳಿಯಿತು.) ತಣ್ಣಗಾದ ಬಳಿಕವಷ್ಟೇ ನಿಖರವಾಗಿ ಕತ್ತರಿಸಿದೆ: ಮುಗಿದ ಚೌಕ 8 ಇಂಚು ಇರಬೇಕಾದರೆ, ಸುತ್ತಲೂ ಹೊಲಿಗೆಗೆ ಕಾಲು ಇಂಚು ಸೇರಿಸಿ 8.5 ಇಂಚು. ಕೊನೆಗೆ ಮೇಲುಬಟ್ಟೆ, ಹತ್ತಿಯ ಪದರ, ಅಡಿಬಟ್ಟೆ ಮೂರನ್ನೂ ಪಿನ್ನುಗಳಿಂದ ಹಿಡಿಸಿ, ನಡುವಿನಿಂದ ಅಂಚಿನ ಕಡೆಗೆ ಹೊಲಿದಾಗ ಎಲ್ಲಿಯೂ ಸುಕ್ಕು ಬೀಳಲಿಲ್ಲ.