ರೋಟರಿ ಪಂಪ್ ಒಂದರಲ್ಲೇ ಲ್ಯಾಂಗ್‌ಮ್ಯೂರ್ ಪ್ರೋಬ್: ಬೀದರಿನ ಲ್ಯಾಬಿನ ಲೆಕ್ಕ

ಲ್ಯಾಂಗ್‌ಮ್ಯೂರ್ ಪ್ರೋಬ್ ಎಂದರೆ ಪ್ಲಾಸ್ಮಾದೊಳಗೆ, ಅಂದರೆ ವಿದ್ಯುತ್ ಹರಿದು ಹೊಳೆಯುವ ಗ್ಯಾಸಿನೊಳಗೆ, ಇಟ್ಟ ಸಣ್ಣ ತಂತಿ; ಅದರ ವೋಲ್ಟೇಜ್ ಬದಲಿಸುತ್ತ ಕರೆಂಟ್ ಅಳೆದು ಕರ್ವ್ ತೆಗೆಯುವುದು. ಟರ್ಬೊ ಬಿಡಿ, ಡಿಫ್ಯೂಷನ್ ಪಂಪೂ (ಎರಡೂ ಆಳವಾದ ನಿರ್ವಾತದ ಪಂಪುಗಳು) ಇಲ್ಲದೆ ಪ್ಲಾಸ್ಮಾದ ಎಲೆಕ್ಟ್ರಾನ್ ತಾಪಮಾನ ಅಳೆಯುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ಎಸಿ ರಿಪೇರಿಯವರು ಬಳಸುವ ಡಬಲ್ ಸ್ಟೇಜ್ ರೋಟರಿ ಪಂಪಿನಲ್ಲೇ ಈಗ ಕರ್ವ್ ಬರುತ್ತಿದೆ. ತಾಪಮಾನ 2 ಇವಿ (ಎಲೆಕ್ಟ್ರಾನ್ ವೋಲ್ಟ್) ಆಸುಪಾಸು. ಬೆಳಿಗ್ಗೆ ತೆಗೆದದ್ದರ ಮೇಲೆ ಸಂಜೆಯದು ಸರಿಯಾಗಿ ಕೂರುತ್ತದೆ. ಕೊಟೇಶನ್ ತರಿಸಿದರೆ ಎಂಟು ಲಕ್ಷದ ಮಾತು. ನನಗೆ ಬಿದ್ದದ್ದು ಅರವತ್ತು ಸಾವಿರದೊಳಗೆ: ಪಂಪಿಗೆ ಹತ್ತು, ಒತ್ತಡ ಅಳೆಯುವ ಪಿರಾನಿ ಗೇಜಿಗೆ ಹದಿನೆಂಟು, ಬೋರೋಸಿಲಿಕೇಟ್ ಕೊಳವೆಗೆ ಎರಡೂವರೆ, ಆರ್ಗಾನ್ ಸಿಲಿಂಡರಿನ ಡಿಪಾಜಿಟ್, ರೆಗ್ಯುಲೇಟರ್ ಸೇರಿ ಹನ್ನೆರಡು. ಉಳಿದದ್ದು ಪವರ್ ಸಪ್ಲೈ, ವಾಲ್ವು, ಓ-ರಿಂಗಿಗೆ ಹೋಯಿತು.

ನಗುವವರ ವಾದ ಒಂದೇ: ಬೇಸ್ ಪ್ರೆಶರ್ (ಗ್ಯಾಸ್ ಬಿಡದೆ ಪಂಪ್ ಇಳಿಸಬಲ್ಲ ಕನಿಷ್ಠ ಒತ್ತಡ) 0.03 ಮಿಲಿಬಾರ್‌ಗಿಂತ ಕೆಳಗಿಳಿಯದಿದ್ದರೆ ಒಳಗೆಲ್ಲ ಗಾಳಿಯೇ. ಆದರೆ ಆ ಅಂಕಿಯಲ್ಲಿ ಬಹುಪಾಲು ಪಂಪಿನ ಮಿತಿ ಮತ್ತು ಎಣ್ಣೆಯ ಆವಿ. ಸೋರಿಕೆಯನ್ನು ಬೇರೆಯಾಗಿ ಅಳೆಯಬೇಕು. ಪಂಪಿನ ವಾಲ್ವ್ ಮುಚ್ಚಿ ಐದು ನಿಮಿಷ ಬಿಟ್ಟರೆ ನನ್ನ ಕೊಳವೆ 0.03ರಿಂದ 0.10ಕ್ಕೆ ಏರುತ್ತದೆ. ಹೋಸ್ ಸೇರಿ ಒಟ್ಟು ಗಾತ್ರ ಒಂದು ಲೀಟರ್ ಅಂದುಕೊಂಡರೆ, ಸೋರಿಕೆ ಸೆಕೆಂಡಿಗೆ ಸುಮಾರು 0.00023 ಮಿಲಿಬಾರ್-ಲೀಟರ್. ಇತ್ತ ಆರ್ಗಾನನ್ನು ಸೂಜಿ ವಾಲ್ವಿನಿಂದ ಹರಿಯಬಿಟ್ಟು, ಪಂಪ್ ಓಡುತ್ತಿರುವಾಗಲೇ 0.5 ಮಿಲಿಬಾರ್‌ನಲ್ಲಿ ನಿಲ್ಲಿಸಿದರೆ ಹರಿವು ಅದೇ ಅಳತೆಯಲ್ಲಿ 0.25ರಷ್ಟು. ಸೋರಿಕೆ ಅದರ ಸಾವಿರದಲ್ಲಿ ಒಂದು ಪಾಲು. ಕೊಳವೆ ಮುಚ್ಚಿ ಗ್ಯಾಸ್ ತುಂಬಿಡುವವರಿಗೆ ಈ ಲಾಭವಿಲ್ಲ. ಗ್ಯಾಸ್ ಖಾಲಿಯಾಗುತ್ತದೆಂಬ ಭಯವೂ ಬೇಡ. ಈ ಹರಿವಿಗೆ ಗಂಟೆಗೆ ಹೊರಗಿನ ಒತ್ತಡದ ಲೆಕ್ಕದಲ್ಲಿ ಒಂದು ಲೀಟರೂ ಹಿಡಿಯದು, ವೆಲ್ಡಿಂಗಿನವರ 7 ಘನ ಮೀಟರ್ ಸಿಲಿಂಡರ್ ವರ್ಷಗಟ್ಟಲೆ ಬರುತ್ತದೆ. ಖಾಲಿಯಾಗುವುದು ರೆಗ್ಯುಲೇಟರಿನ ಸೋರಿಕೆಯಿಂದ. ಕೆಲಸ ಮುಗಿದ ಮೇಲೆ ಮೇನ್ ವಾಲ್ವ್ ಮುಚ್ಚಿ.

ಇನ್ನೊಂದು ಮಾತು: ಪಿರಾನಿಯ ಅಂಕಿ ಗಾಳಿಗೆ ಹೊಂದಿಸಿದ್ದು. ಆರ್ಗಾನಿನಲ್ಲಿ ಗೇಜ್ 0.3 ತೋರಿಸಿದರೆ ನಿಜವಾಗಿ 0.5 ಇರುತ್ತದೆ.

ನಮ್ಮ ಕಡೆ ತೊಂದರೆ ಕೊಡುವುದು ಹವಾಮಾನ. ಏಪ್ರಿಲ್-ಮೇನಲ್ಲಿ ಎಣ್ಣೆ ಕಾದು ತೆಳ್ಳಗಾಗಿ ಬೇಸ್ ಪ್ರೆಶರ್ ದುಪ್ಪಟ್ಟಾಗುತ್ತದೆ, ಮಧ್ಯಾಹ್ನ ಪಂಪ್ ಹಚ್ಚುವುದೇ ವ್ಯರ್ಥ. ಮಳೆಗಾಲದಲ್ಲಿ ಎಣ್ಣೆ ನೀರು ಕುಡಿದು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಗ್ಯಾಸ್ ಬ್ಯಾಲಸ್ಟ್ (ಪಂಪಿನೊಳಗೆ ಸ್ವಲ್ಪ ಗಾಳಿ ಬಿಟ್ಟು ನೀರಾವಿ ಹೊರಹಾಕುವ ವಾಲ್ವ್) ತೆರೆದು ಇಪ್ಪತ್ತು ನಿಮಿಷ ಓಡಿಸಿ, ಆಗಲೂ ತಿಳಿಯಾಗದಿದ್ದರೆ ಎಣ್ಣೆ ಬದಲಿಸಿ. ಪಾರದರ್ಶಕ ಪಿವಿಸಿ ಪೈಪ್ ಹಾಕಲೇಬೇಡಿ, ದಿನವಿಡೀ ಆವಿ ಬಿಡುತ್ತದೆ.

ಕೊಳವೆ 5 ಸೆಂಮೀ ವ್ಯಾಸ, 40 ಸೆಂಮೀ ಉದ್ದ. ಆನೋಡ್ ಅರ್ತಿಗೆ, ಕ್ಯಾಥೋಡ್‌ಗೆ ಮೈನಸ್. ಹೀಗಿದ್ದರೆ ಪ್ರೋಬಿನ ಸರ್ಕ್ಯೂಟ್ ಅರ್ತಿನ ಹತ್ತಿರವೇ ಇರುತ್ತದೆ. ಕರೆಂಟಿಗೆ ಮಿತಿ ಹಾಕುವ ಬ್ಯಾಲಸ್ಟ್ ರೆಸಿಸ್ಟರ್ 47 ಕಿಲೋಓಮ್, 25 ವ್ಯಾಟ್‌ನದು. ಡಿಸ್ಚಾರ್ಜ್, ಅಂದರೆ ಗ್ಯಾಸಿನ ಮೂಲಕ ಹರಿಯುವ ವಿದ್ಯುತ್, ಕೆಲವೇ ಮಿಲಿಆಂಪ್‌ಗೆ ನಾನೂರು ವೋಲ್ಟ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಕ್ಯಾಥೋಡ್ ಹಿತ್ತಾಳೆಯದಾದರೆ ಸತು ಕಿತ್ತು ಗಾಜು ಕಪ್ಪಾಗುತ್ತದೆ. ಅಲ್ಯೂಮಿನಿಯಂ ಬಿಲ್ಲೆಯೇ ಸರಿ.

ಪ್ರೋಬ್ 0.2 ಮಿಮೀ ಟಂಗ್‌ಸ್ಟನ್ ತಂತಿ, 5 ಮಿಮೀ ಮಾತ್ರ ಬಯಲಿಗೆ. ಸೆರಾಮಿಕ್ ಕೊಳವೆಯ ತುದಿಯಲ್ಲಿ ತಂತಿಗೂ ಗೋಡೆಗೂ ಕೂದಲೆಳೆಯಷ್ಟು ಸಂದು ಇರಲೇಬೇಕು. ಇಲ್ಲದಿದ್ದರೆ ಕ್ಯಾಥೋಡಿನಿಂದ ಹಾರಿದ ಲೋಹ ಸೆರಾಮಿಕ್ ಮೇಲೆ ಕೂತು ತಂತಿಗೆ ಸೇರಿಕೊಳ್ಳುತ್ತದೆ, ಪ್ರೋಬಿನ ವಿಸ್ತೀರ್ಣ ದಿನೇ ದಿನೇ ಬೆಳೆಯುತ್ತದೆ. ತಂತಿ ಹೊರಬರುವ ಜಾಗವನ್ನು ಸೀಲ್ ಮಾಡಿದ್ದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಅದು ಲ್ಯಾಬಿಗೆ ಬಂದವರಿಗೆ ಮಾತ್ರ.

ಬಯಾಸ್‌ಗೆ, ಅಂದರೆ ಪ್ರೋಬಿಗೆ ಕೊಡುವ ವೋಲ್ಟೇಜಿಗೆ, 9 ವೋಲ್ಟ್ ಬ್ಯಾಟರಿಗಳ ಸಾಲು, ಅದನ್ನು ಏರಿಳಿಸಲು ಹತ್ತು ಸುತ್ತಿನ ಪಾಟ್ (ಪೊಟೆನ್ಶಿಯೋಮೀಟರ್). ಅಡಾಪ್ಟರ್ ಹಾಕಿದರೆ 50 ಹರ್ಟ್ಸ್ ಗುಂಯ್ ಸಿಗ್ನಲನ್ನೇ ನುಂಗುತ್ತದೆ, ಏಕೆಂದರೆ ಅಯಾನ್ ಕರೆಂಟ್ ಒಂದು ಮೈಕ್ರೊಆಂಪೂ ಇಲ್ಲ. ಎಲೆಕ್ಟ್ರಾನ್ ಕಡೆ ನೂರು ಮೈಕ್ರೊಆಂಪ್ ದಾಟುತ್ತದೆ. ಅಯಾನ್ ಕರೆಂಟ್ ಕಳೆದು ಉಳಿದದ್ದು ಹತ್ತು ಪಟ್ಟಾಗಲು ಎಷ್ಟು ವೋಲ್ಟ್ ಬೇಕೋ ನೋಡಿ 2.3ರಿಂದ ಭಾಗಿಸಿ: 4.6 ವೋಲ್ಟ್ ಆದರೆ 2 ಇವಿ. ಏರುವಾಗ ಒಂದು ಕರ್ವ್, ಇಳಿಯುವಾಗ ಇನ್ನೊಂದು ಬಂದರೆ ಪ್ರೋಬ್ ಕೊಳೆಯಾಗಿದೆ ಅಂತಲೇ. ಮೈನಸ್ ನೂರು ವೋಲ್ಟಿನಲ್ಲಿ ಒಂದೆರಡು ನಿಮಿಷ ಇಟ್ಟರೆ ಅಯಾನ್‌ಗಳೇ ತೊಳೆಯುತ್ತವೆ.

ಪ್ಲಾಸ್ಮಾದ ಸಾಂದ್ರತೆಯನ್ನು ಮಾತ್ರ ಪೂರ್ತಿ ನಂಬಬೇಡಿ. ಘನ ಮೀಟರಿಗೆ 10ರ ಘಾತ 15 ಬರುತ್ತದೆ, ಆದರೆ ಮಾಟ್-ಸ್ಮಿತ್ ಮತ್ತು ಲ್ಯಾಂಗ್‌ಮ್ಯೂರ್ 1926ರಲ್ಲಿ ಕೊಟ್ಟ ಸೂತ್ರ ಷೀತಿನಲ್ಲಿ (ತಂತಿಯನ್ನು ಸುತ್ತುವರಿದ ತೆಳು ಪದರ) ಡಿಕ್ಕಿಯೇ ಇಲ್ಲ ಎನ್ನುವ ಲೆಕ್ಕದ್ದು. 0.5 ಮಿಲಿಬಾರ್‌ನಲ್ಲಿ ಅಯಾನ್ ಡಿಕ್ಕಿ ಹೊಡೆಯದೆ ತಂತಿ ಮುಟ್ಟುವುದಿಲ್ಲ. ಎರಡು ಪಟ್ಟು ಅತ್ತಿತ್ತ ಆಗಬಹುದು.

ಬೀದರಿನಲ್ಲಿದ್ದು ಬಿದರಿ ಲೋಹ ಬಿಡುವುದುಂಟೇ? ಕೆಲಸಗಾರರಿಂದ ತಂದ, ಕಪ್ಪು ಹಚ್ಚದ ಚೂರನ್ನು ಕ್ಯಾಥೋಡ್ ಮಾಡಿದೆ. ಅದು ಬಹುಪಾಲು ಸತು, ಸ್ವಲ್ಪ ತಾಮ್ರ. ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗಿನಲ್ಲಿ ಸತುವಿನ 468, 472, 481 ನ್ಯಾನೋಮೀಟರಿನ ಮೂರು ನೀಲಿ ಗೆರೆ ಚೊಕ್ಕವಾಗಿ ನಿಂತವು, ಕೆಂಪಿನಲ್ಲಿ 636. ಕರೆಂಟ್ ಕಡಿಮೆ ಇಡಿ. 250 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಸತು ತಾನಾಗಿಯೇ ಆವಿಯಾಗತೊಡಗುತ್ತದೆ, ಆಮೇಲೆ ಗಾಜು ಉಜ್ಜುವ ಕೆಲಸ ನಿಮ್ಮದು. ಅಲ್ಯೂಮಿನಿಯಂ ಬಿಲ್ಲೆಗೆ 3 ಮಿಮೀ ತೂತು ಕೊರೆದು ಒತ್ತಡ 0.1ಕ್ಕೆ ಇಳಿಸಿದರೆ ಹಿಂದುಗಡೆ ಅಯಾನ್ ಕಿರಣವೂ ಕಾಣುತ್ತದೆ, ಜರ್ಮನ್ ವಿಜ್ಞಾನಿ ಗೋಲ್ಡ್‌ಸ್ಟೈನ್ 1886ರಲ್ಲಿ ಕಂಡದ್ದೇ. ಸ್ಪೀಕರಿನ ಮ್ಯಾಗ್ನೆಟ್ ಹಿಡಿದರೆ ಅದು ಕಣ್ಣಿಗೆ ಕಾಣುವಷ್ಟು ಬಾಗುವುದಿಲ್ಲ. ಬಿಲ್ಲೆಯ ಮುಂದಿನ ಹೊಳಪು ಮಾತ್ರ ತಟ್ಟನೆ ಪಕ್ಕಕ್ಕೆ ಸರಿಯುತ್ತದೆ.