ಹಿಮದ ಮೇಲೆ ತೊಗಟೆಯ ಚೂರು: ಕಪ್ಪುಬೆನ್ನಿನ ಮರಕುಟಿಗ ನನಗೆ ಸಿಕ್ಕ ಬಗೆ

2024-25ರ ಚಳಿಗಾಲದಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಸ್ಯಾಕ್ಸ್-ಜಿಮ್ ಜೌಗಿಗೆ ಏಳು ಸಲ ಹೋದೆ. ಐದು ಸಲ ಕಪ್ಪುಬೆನ್ನಿನ ಮರಕುಟಿಗ ಸಿಕ್ಕಿತು. ಅದಕ್ಕೆ ಹಿಂದಿನ ನಾಲ್ಕು ಚಳಿಗಾಲಗಳಲ್ಲಿ ಹದಿನೆಂಟೋ ಹತ್ತೊಂಬತ್ತೋ ಸಲ ಹೋಗಿ ಕಂಡದ್ದು ಎರಡೇ ಬಾರಿ; ಅದರಲ್ಲೂ ಒಂದು, ರಸ್ತೆ ದಾಟಿ ಹೋದ ಕಪ್ಪು ಚುಕ್ಕೆ. ನಡುವೆ ನಾನು ಬದಲಿಸಿದ್ದು ಒಂದೇ ಸಂಗತಿ. ಕಾರಿನಿಂದ ಇಳಿದು, ಒಂದೇ ಜಾಗದಲ್ಲಿ ಗಂಟೆಗಟ್ಟಲೆ ನಿಲ್ಲಲು ಕಲಿತೆ.

ಮಿನಿಯಾಪೊಲಿಸ್ ಸುತ್ತಮುತ್ತ ಹಕ್ಕಿ ನೋಡುವ ಹುಚ್ಚಿರುವ ಕನ್ನಡದವರು ನಾವು ಐದಾರು ಮಂದಿ ಇದ್ದೇವೆ. ಈ ಯೋಚನೆಯನ್ನು ಮೊದಲು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. "ಅಲ್ಲಿಗೆ ಮುನ್ನೂರು ಕಿಲೋಮೀಟರ್ ಹೋಗಿ ಒಂದೇ ಮರದ ಕೆಳಗೆ ನಿಲ್ಲುವುದೇ ಮಾರಾಯರೇ? ಮಿಕ್ಕ ರಸ್ತೆಗಳನ್ನು ಯಾರು ನೋಡುತ್ತಾರೆ?" ಎಂದರು ತೀರ್ಥಹಳ್ಳಿಯ ಕಡೆಯ ಸ್ನೇಹಿತರು. ಅವರ ಮಾತಿನಲ್ಲಿ ನ್ಯಾಯವಿತ್ತು. ಡುಲೂತ್ ನಗರದ ವಾಯವ್ಯಕ್ಕೆ ಹರಡಿಕೊಂಡಿರುವ ಆ ಜೌಗು ಸುಮಾರು 300 ಚದರ ಮೈಲಿಯಷ್ಟಿದೆ. ಡಿಸೆಂಬರಿನಲ್ಲಿ ಬೆಳಕಿರುವುದು ಎಂಟೂವರೆ ಗಂಟೆ. ಎಲ್ಲರೂ ಮಾಡುವುದು ಒಂದೇ: ಅಡ್ಮಿರಲ್ ರಸ್ತೆಯ ಕಾಳಿನ ತಟ್ಟೆಗಳ ಬಳಿ ಬೋರಿಯಲ್ ಚಿಕಡೀ ಎಂಬ ಪುಟ್ಟ ಹಕ್ಕಿ, ಮ್ಯಾಕ್‌ಡೇವಿಟ್ ರಸ್ತೆಯಲ್ಲಿ ದೊಡ್ಡ ಬೂದು ಗೂಬೆ, ಆಮೇಲೆ ಕತ್ತಲಾಗುವವರೆಗೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಸುತ್ತುವುದು. ಗೂಬೆಗೆ ಇದು ಸರಿ; ಅದು ಕಂಬದ ಮೇಲೆ ಕುಳಿತಿರುತ್ತದೆ. ಹೆಚ್ಚು ಸದ್ದಿಲ್ಲದೆ ಒಂದೇ ಮರದಲ್ಲಿ ಬಹಳ ಹೊತ್ತು ಕಳೆಯುವ ಮರಕುಟಿಗಕ್ಕೆ ಇದರಿಂದ ಪ್ರಯೋಜನವಿಲ್ಲ.

ಮೊದಲು ಕಳೆದುಕೊಂಡ ಹಣದ ಲೆಕ್ಕ. ಒಂದು ಸುತ್ತಿಗೆ ಪೆಟ್ರೋಲಿಗೆ ಸುಮಾರು ಐವತ್ತು ಡಾಲರ್. ರಾತ್ರಿ ಉಳಿದರೆ ಕೋಣೆಗೆ ತೊಂಬತ್ತರಿಂದ ನೂರು. ಎರಡನೆಯ ಚಳಿಗಾಲದಲ್ಲಿ ಎದುರಿನ ಟ್ರಕ್ಕಿಗೆ ದಾರಿ ಬಿಡಲು ಬದಿಗೆ ಸರಿದೆ. ಹಿಮ ಸರಿಸುವ ಯಂತ್ರ ಚರಂಡಿಯ ಮೇಲೂ ಹಿಮ ತಳ್ಳಿ ರಸ್ತೆಯಂತೆಯೇ ಸಮತಟ್ಟು ಮಾಡಿಬಿಟ್ಟಿತ್ತು; ಬಲಗಡೆಯ ಎರಡೂ ಚಕ್ರಗಳು ಇಳಿದವು. ಎಳೆದು ತೆಗೆಸಲು 220 ಡಾಲರ್, ಕಾಯಲು ಎರಡೂವರೆ ಗಂಟೆ. ದುಬಾರಿ ಬೂಟು, ಬಾಡಿಗೆಯ ಲೆನ್ಸು ಎಲ್ಲ ಸೇರಿ ನಾಲ್ಕು ಚಳಿಗಾಲದ ಖರ್ಚು ಮೂರು ಸಾವಿರ ಡಾಲರ್ ದಾಟಿತು. ಎರಡು ಮರಕುಟಿಗಕ್ಕೆ ಮೂರು ಸಾವಿರ.

ಆ ಬಾಡಿಗೆಯ ಲೆನ್ಸಿನ ಕಥೆಯನ್ನೂ ಹೇಳಬೇಕು, ಇನ್ನೂ ಹಲವರು ಅದೇ ತಪ್ಪು ಮಾಡುವುದನ್ನು ನೋಡುತ್ತೇನೆ. ಮೂವತ್ತು ಅಡಿ ದೂರದಲ್ಲಿ ಬೂದು ಗೂಬೆ ಕುಳಿತಿತ್ತು. ಕಾರಿನ ಹೀಟರ್ ಹಾಕಿಕೊಂಡೇ ಕಿಟಕಿ ಇಳಿಸಿ ಇನ್ನೂರು ಚಿತ್ರ ತೆಗೆದೆ. ಒಂದೂ ಸ್ಪಷ್ಟವಾಗಿರಲಿಲ್ಲ. ಲೆನ್ಸ್ ಕೆಟ್ಟಿದೆಯೆಂದು ಅಂಗಡಿಯವರ ಜೊತೆ ವಾದಿಸಿದೆ. ತಪ್ಪು ಲೆನ್ಸಿನದಾಗಿರಲಿಲ್ಲ. ಒಳಗಿನ ಬಿಸಿಗಾಳಿ ಕಿಟಕಿಯಲ್ಲಿ ಹೊರಗಿನ ಮೈನಸ್ 22 ಡಿಗ್ರಿಯ ಗಾಳಿಗೆ ಬೆರೆಯುವಾಗ, ಬೇಸಿಗೆಯ ಟಾರು ರಸ್ತೆಯ ಮೇಲೆ ಕಾಣುತ್ತದಲ್ಲ, ಅದೇ ಅಲೆ ಏಳುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈಗ ಕ್ಯಾಮೆರಾ ಇಡೀ ದಿನ ತಣ್ಣಗೇ ಇರುತ್ತದೆ. ಬೆಚ್ಚಗೆ ಒಳಜೇಬಿನಲ್ಲಿ ಇರುವುದು ಬ್ಯಾಟರಿಗಳು ಮಾತ್ರ. ಮನೆಯೊಳಗೆ ತರುವ ಮೊದಲು ಕ್ಯಾಮೆರಾವನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚುತ್ತೇನೆ. ಹಾಗಾಗಿ ನೀರು ಚೀಲದ ಮೇಲೆ ಕೂರುತ್ತದೆ, ಗಾಜಿನ ಮೇಲಲ್ಲ.

ಕಾರು ಬಿಡುವ ಯೋಚನೆ ಹುಟ್ಟಿದ್ದು ಒಂದು ಆಕಸ್ಮಿಕದಿಂದ. 2023ರ ಫೆಬ್ರವರಿ ಇರಬೇಕು. ಟ್ಯಾಮರಾಕ್ ಮರಗಳ ನಡುವೆ ಕಾಲು ಸಡಿಲಿಸಿಕೊಳ್ಳಲು ಇಂಜಿನ್ ಆರಿಸಿ ಇಳಿದೆ. ಗಾಳಿಯೇ ಇರಲಿಲ್ಲ. ಎಲ್ಲೋ ಒಣ ಹಪ್ಪಳ ಮುರಿದಂಥ ಸದ್ದು, ಮತ್ತೆ ಹಿಮದ ಮೇಲೆ ಏನೋ ಉದುರಿದ ಸದ್ದು. ಹಕ್ಕಿ ಕಾಣಲಿಲ್ಲ. ಆದರೆ ಒಂದು ಮರದ ಬುಡದಲ್ಲಿ ಹಿಮದ ಮೇಲೆ ಕಂದು ತೊಗಟೆಯ ಚೂರುಗಳು, ಯಾರೋ ಅಡಿಕೆ ಸುಲಿದು ಸಿಪ್ಪೆ ಚೆಲ್ಲಿದಂತೆ ಹರಡಿದ್ದವು. ಮೇಲೆ ನೋಡಿದರೆ ಕಾಂಡ ಆಳೆತ್ತರಕ್ಕೂ ಮೇಲೆ ಕೆಂಪಾಗಿ ಸುಲಿದಿತ್ತು. ಅದೇ ರಸ್ತೆಯಲ್ಲಿ ನಾನು ಅಲ್ಲಿಯವರೆಗೆ ಕನಿಷ್ಠ ಐವತ್ತು ಸಲ ಹಾದುಹೋಗಿದ್ದೆ.

ಟ್ಯಾಮರಾಕ್ ಚಳಿಗಾಲದಲ್ಲಿ ಸೂಜಿಯೆಲೆ ಉದುರಿಸುವ ಮರ. ಹೊಸಬರಿಗೆ ಕಾಡೆಲ್ಲ ಸತ್ತಂತೆ ಕಾಣುತ್ತದೆ. ಈಚೆಗೆ ನಿಜವಾಗಿಯೂ ಸಾಯುತ್ತಿವೆ. 2000ದ ಆಚೀಚೆಯಿಂದ ಈಸ್ಟರ್ನ್ ಲಾರ್ಚ್ ಬೀಟಲ್ ಎಂಬ ತೊಗಟೆಹುಳು ಮಿನ್ನೆಸೋಟದ ಟ್ಯಾಮರಾಕ್ ಕಾಡುಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಲ್ಲುತ್ತಿದೆ. ಬೆಚ್ಚಗಿನ, ದೀರ್ಘವಾದ ಬೇಸಿಗೆಯಲ್ಲಿ ಅದು ವರ್ಷಕ್ಕೆ ಇನ್ನೊಂದು ಸಂಸಾರ ಹೂಡಲು ಸಾಧ್ಯವಾಗುತ್ತಿದೆ. ಕಾಡಿಗೆ ಅದು ಕೇಡು, ನನಗೆ ನೋಡಿದಾಗಲೆಲ್ಲ ಸಂಕಟ. ಮರಕುಟಿಗಕ್ಕೆ ಮಾತ್ರ ಸಾಯುವ ಮರವೇ ಅನ್ನ.

ಹಾಗಾಗಿ ನನ್ನ ಹುಡುಕಾಟ ಮರದ ಬುಡದಿಂದ ಶುರುವಾಗುತ್ತದೆ. ಹೊಸ ಹಿಮ ಬಿದ್ದ ಮರುದಿನ ಹೋಗುವುದಿಲ್ಲ, ಅದರ ಮರುದಿನ ಹೋಗುತ್ತೇನೆ. ಹಿಮ ಹಲಗೆ ಒರೆಸಿಟ್ಟಿರುತ್ತದೆ, ಹಕ್ಕಿಗೆ ಬರೆಯಲು ಒಂದು ದಿನ ಬೇಕು. ಹಳೆಯ ಚೂರು ಬಿಸಿಲು ಹೀರಿ ಹಿಮದೊಳಗೆ ಇಳಿದಿರುತ್ತದೆ. ಇಂದಿನದು ಮೇಲೆಯೇ ತೇಲಿದಂತೆ ಇರುತ್ತದೆ. ಹೇರಿ ಎಂಬ ಇನ್ನೊಂದು ಜಾತಿಯ ಮರಕುಟಿಗವೂ ಅಲ್ಲೇ ಇರುತ್ತದೆ, ಅದರಿಂದ ಬಹಳ ಸಲ ಮೋಸ ಹೋದೆ. ಅದು ನೇರವಾಗಿ, ಜೋರಾಗಿ ಕುಟ್ಟುತ್ತದೆ, ತೂತು ಮಾಡುತ್ತದೆ. ಕಪ್ಪುಬೆನ್ನಿನದು ಕೊಕ್ಕನ್ನು ಓರೆಯಾಗಿಟ್ಟು ತೊಗಟೆಯನ್ನು ಎಬ್ಬಿಸುತ್ತದೆ. ಮೆತ್ತಗೆ ಎರಡು ಏಟು, ಸ್ವಲ್ಪ ಹೊತ್ತು ಮೌನ, ಮತ್ತೆ ಮೂರು ಏಟು. ಚೂರು ದೊಡ್ಡದಾಗಿ ಚಪ್ಪಟೆಯಾಗಿದ್ದರೆ ಅಲ್ಲೇ ನಿಲ್ಲುತ್ತೇನೆ. ಮೂರನೆಯ ಲಕ್ಷಣವೊಂದಿದೆ. ಅದನ್ನೂ, ಯಾವ ರಸ್ತೆಯ ಯಾವ ತಿರುವು ಎಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಶನಿವಾರ ಅಲ್ಲಿ ಹದಿನೈದು ಕಾರು ನಿಲ್ಲುತ್ತವೆ, ಆ ಹಕ್ಕಿ ಚಳಿಗಾಲವಿಡೀ ಅದೇ ನಾಲ್ಕು ಮರಗಳಲ್ಲಿ ಹೊಟ್ಟೆ ಹೊರೆಯಬೇಕು. ಮೊಬೈಲಿನಲ್ಲಿ ಕೂಗು ಹಾಕಿ ಕರೆಸುವುದನ್ನಂತೂ ನಾನು ಒಮ್ಮೆಯೂ ಮಾಡಿಲ್ಲ.

ನಿಲ್ಲುವುದೇನೋ ಸರಿ, ನಿಲ್ಲುವುದು ಹೇಗೆ? ಇಲ್ಲೇ ಎಲ್ಲರೂ ತಲೆಯಾಡಿಸಿದ್ದು. ಜೌಗಿನಿಂದ ಒಂದು ಗಂಟೆಯ ದಾರಿಯಲ್ಲಿರುವ ಟವರ್ ಎಂಬ ಊರಿನಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 51 ಡಿಗ್ರಿ ದಾಖಲಾಗಿತ್ತು. ಈ ರಾಜ್ಯದ ದಾಖಲೆ ಅದು. ನಾನು ಮೈನಸ್ 28ಕ್ಕಿಂತ ಕೆಳಗೆ ನಿಂತಿಲ್ಲ. ಮೊದಲ ಪ್ರಯತ್ನ ನಲವತ್ತು ನಿಮಿಷಕ್ಕೆ ಮುಗಿಯಿತು, ಕಾಲ್ಬೆರಳುಗಳು ಕಲ್ಲಾಗಿದ್ದವು. ಎರಡು ಜೊತೆ ದಪ್ಪ ಉಣ್ಣೆಯ ಕಾಲುಚೀಲ ತುರುಕಿ ಬೂಟು ಬಿಗಿ ಮಾಡಿಕೊಂಡದ್ದೇ ತಪ್ಪು, ರಕ್ತ ಓಡಲಿಲ್ಲ. ಬಿಸಿ ಪೊಟ್ಟಣಗಳನ್ನು ಬೂಟಿನೊಳಗೆ ಹಾಕಿ ನೋಡಿದೆ. ಅವು ಬಿಸಿಯಾಗಲು ಗಾಳಿ ಬೇಕು, ಬಿಗಿದ ಬೂಟಿನಲ್ಲಿ ಅರ್ಧ ಗಂಟೆಗೆ ಸತ್ತವು. ಕೊನೆಗೆ ಕೆಲಸ ಮಾಡಿದ್ದು ಹನ್ನೆರಡು ಡಾಲರಿನ ಯೋಗದ ಚಾಪೆ. ಅದನ್ನು ಎರಡು ಚೌಕ ಕತ್ತರಿಸಿ, ಒಂದರ ಮೇಲೊಂದಿಟ್ಟು, ಅದರ ಮೇಲೆ ನಿಲ್ಲುತ್ತೇನೆ. ಬೂಟು ಒಂದೂವರೆ ಅಳತೆ ದೊಡ್ಡದು, ಕಾಲುಚೀಲ ಒಂದೇ ಜೊತೆ. ಕಾಲಿಗೆ ಚಳಿ ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಏರುವುದೇ ಹೆಚ್ಚು ಎಂಬುದು ನನಗೆ ತಿಳಿಯಲು ಮೂರು ವರ್ಷ ಬೇಕಾಯಿತು. 160 ಡಾಲರಿನ ಬೂಟು ಮಾಡದ ಕೆಲಸವನ್ನು ಆ ಚಾಪೆ ಮಾಡಿತು. ಈಗ ಮೂರು ಗಂಟೆ ನಿಲ್ಲಬಲ್ಲೆ. ನಮ್ಮ ಗುಂಪಿನಲ್ಲಿ ಬೇರೆ ಯಾರೂ ಒಂದು ಗಂಟೆ ದಾಟಿಲ್ಲ.

ಕಿವಿಯದು ಇನ್ನೊಂದು ಸಮಸ್ಯೆ. ಕೋಟಿನ ದಪ್ಪ ಟೋಪಿ ಹಾಕಿದರೆ ನಮ್ಮ ಉಸಿರೇ ನಮಗೆ ಕೇಳುತ್ತದೆ, ಮರಕುಟಿಗ ಕೇಳುವುದಿಲ್ಲ. ಅದಕ್ಕೆ ಸಿಕ್ಕ ಪರಿಹಾರ ಅಮ್ಮ ಮೈಸೂರಿನಲ್ಲಿ ಹೆಣೆದು ಕಳಿಸಿದ ಮಂಕಿ ಕ್ಯಾಪು. ಸಡಿಲ ಹೆಣಿಗೆ, ಸದ್ದು ಸಲೀಸಾಗಿ ಒಳಬರುತ್ತದೆ. ಗಾಳಿ ಇದ್ದ ದಿನ ಅದು ಸಾಲದು. ಆದರೆ ಗಾಳಿ ಇದ್ದ ದಿನ ನಾನು ಹೋಗುವುದೂ ಇಲ್ಲ.

ರಸ್ತೆ ಬಿಟ್ಟು ಒಳಗೆ ಹೋಗುವವರಿಗೆ ಒಂದು ಮಾತು. ಹಿಮದ ಹೊದಿಕೆಯ ಕೆಳಗೆ ಜೌಗಿನ ಪಾಚಿ ಪೂರ್ತಿ ಹೆಪ್ಪುಗಟ್ಟಿರುವುದಿಲ್ಲ. 2022ರಲ್ಲಿ ಜನವರಿ ನಡುವೆಯೇ ಮೊಣಕಾಲವರೆಗೆ ಹೂತು ಬೂಟಿನೊಳಗೆ ನೀರು ಬಂತು. ಕಾರು ಇನ್ನೂರು ಗಜ ದೂರವಿದ್ದದ್ದರಿಂದ ಉಳಿದೆ. ಅಂದಿನಿಂದ ರಸ್ತೆಯಂಚು, ಹಲಗೆಯ ಕಾಲುದಾರಿ, ತುಳಿದು ಗಟ್ಟಿಯಾದ ಜಾಡು, ಇಷ್ಟರಲ್ಲೇ ನಿಲ್ಲುತ್ತೇನೆ. ಬಹಳ ಜಾಗ ಖಾಸಗಿಯದು ಎಂಬುದೂ ನೆನಪಿರಬೇಕು.

ಫ್ಲಾಸ್ಕಿನ ಪ್ರಯೋಗಗಳೂ ನಡೆದವು. ಕಾಫಿ ಎರಡು ಗಂಟೆಗೊಮ್ಮೆ ಪೊದೆ ಹುಡುಕುವಂತೆ ಮಾಡುತ್ತದೆ. ಐದು ಪದರ ಬಟ್ಟೆಯಲ್ಲಿ ಅದು ಸಣ್ಣ ಕೆಲಸವಲ್ಲ. ಸಾರು ತಂದೆ, ಶುಂಠಿ ಕಷಾಯ ತಂದೆ. ಗೆದ್ದದ್ದು ಉಪ್ಪು, ಜೀರಿಗೆ ಹಾಕಿದ ರಾಗಿ ಗಂಜಿ. ಮಜ್ಜಿಗೆ ಬೆರೆಸಬಾರದು, ಒಡೆಯುತ್ತದೆ. ಬೆಳಿಗ್ಗೆ ಐದಕ್ಕೆ ತುಂಬಿಸಿದ್ದು ಹನ್ನೆರಡಕ್ಕೂ ನಾಲಗೆ ಸುಡುತ್ತಿತ್ತು. ಅದೇ ಫ್ಲಾಸ್ಕಿನಲ್ಲಿ ಕಾಫಿ ಅಷ್ಟು ಹೊತ್ತಿಗೆ ಉಗುರುಬೆಚ್ಚಗಿರುತ್ತಿತ್ತು. ಗಟ್ಟಿ ಪದಾರ್ಥ ಬಿಸಿ ಹಿಡಿದುಕೊಳ್ಳುತ್ತದೆ ಎಂದು ನನ್ನ ಲೆಕ್ಕ. ಉಪ್ಪಿಲ್ಲದ ಕಡಲೆಕಾಯಿ ಬೀಜ ಜೇಬಿನಲ್ಲಿತ್ತು. ಕೆನಡಾ ಜೇ ಒಂದು ಬಂದು ನನ್ನ ಮೊಣಕೈ ಪಕ್ಕದ ಕೊಂಬೆಯಲ್ಲಿ ಕುಳಿತು ನೋಡಿತು. ನಾನು ಕೊಡಲಿಲ್ಲ. ಅದು ಅಂಟು ಎಂಜಲಿನಿಂದ ತಿನಿಸನ್ನು ತೊಗಟೆಗೆ ಅಂಟಿಸಿ ಕೂಡಿಡುವ ಹಕ್ಕಿ, ಚಳಿಗಾಲ ಮುಗಿಯುವ ಮೊದಲೇ ಗೂಡು ಕಟ್ಟುತ್ತದೆ. ನನ್ನ ಬೀಜ ಅದಕ್ಕೆ ಬೇಕಿರಲಿಲ್ಲ.

ಇನ್ನು 2025ರ ಫೆಬ್ರವರಿ. ಉತ್ತರದಿಂದ ಗೂಬೆಗಳು ದಂಡುಗಟ್ಟಿ ಇಳಿದ ಚಳಿಗಾಲ ಅದು. 2004-05ರಲ್ಲಿ ಈ ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಬೂದು ಗೂಬೆಗಳನ್ನು ಎಣಿಸಿದ್ದರು. ಹಳಬರು ಇಂದಿಗೂ ಅದನ್ನೇ ಹೇಳಿಕೊಂಡು ಕಣ್ಣರಳಿಸುತ್ತಾರೆ. ಅಷ್ಟಲ್ಲದಿದ್ದರೂ ಈ ಸಲವೂ ರಸ್ತೆ ತುಂಬ ಗೂಬೆ, ಗೂಬೆಯ ಸುತ್ತ ಕಾರು. ನಂಜನಗೂಡಿನ ಹತ್ತಿರ ಹದಿನಾರು ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಿ ಬೆಳೆದವನು ನಾನು. ಮಂಗೋಲಿಯಾದ ಚಳಿ ತಾಳದೆ ನಮ್ಮೂರಿಗೆ ಬರುವ ಹಕ್ಕಿ ಎಂದು ಅಪ್ಪ ತೋರಿಸುತ್ತಿದ್ದರು. ಗೂಬೆಗೂ ಹಸಿವಿನ ವರ್ಷದಲ್ಲಿ ಈ ಮೈನಸ್ 25ರ ಊರೇ ತೆಂಕಣ ಸೀಮೆ ಎಂಬುದನ್ನು ನೆನೆದರೆ ಇಂದಿಗೂ ಮೈ ಜುಂ ಎನ್ನುತ್ತದೆ.

ಅಂದು ನನ್ನ ಚಾಪೆಯ ಮೇಲೆ ನಿಂತು ಒಂದೂವರೆ ಗಂಟೆಯಾಗಿತ್ತು. ಮರಕುಟಿಗ ಆಗಲೇ ಸಿಕ್ಕಿತ್ತು: ಗಂಡು, ತಲೆಯ ಮೇಲೆ ಅರಿಶಿನದ ಬೊಟ್ಟು, ಬೆನ್ನು ಮಿರಿಮಿರಿ ಕಪ್ಪು. ಅದು ಕೆಲಸ ಮಾಡುತ್ತಲೇ ಇತ್ತು. ಎಡಗಡೆ ಸ್ಪ್ರೂಸ್ ಪೊದೆಯಲ್ಲಿ ಚಿಕಡೀಗಳು ಗದರಲು ಶುರುಮಾಡಿದವು. ಐದು, ಆರು, ಎಂಟು ಸೇರಿದವು. ನನ್ನನ್ನು ನೋಡಿ ಎಂದುಕೊಂಡೆ. ಆದರೆ ನಾನು ಅಲ್ಲಿ ಅಷ್ಟು ಹೊತ್ತಿನಿಂದ ಇದ್ದೆ. ತಲೆ ಮಾತ್ರ ಮೆಲ್ಲಗೆ ತಿರುಗಿಸಿದೆ. ಎದೆಯ ಎತ್ತರದಲ್ಲಿ, ಹನ್ನೆರಡು ಹದಿಮೂರು ಅಡಿ ದೂರದಲ್ಲಿ ಬೋರಿಯಲ್ ಗೂಬೆ. ನಮ್ಮ ಹಾಲಕ್ಕಿಗಿಂತ ತುಸು ದೊಡ್ಡದು, ತಲೆ ಚೌಕಾಕಾರ, ಹಣೆಯ ಮೇಲೆ ಬಿಳಿ ಚುಕ್ಕೆಗಳು. ರಾತ್ರಿಯ ಹಕ್ಕಿ ಹಗಲು ಬೇಟೆಗೆ ಇಳಿದಿದೆಯೆಂದರೆ ಹಸಿದಿದೆ ಎಂದೇ ಅರ್ಥ. ಅದು ನೆಲದ ಹಿಮವನ್ನೇ ನೋಡುತ್ತಿತ್ತು. ಕ್ಯಾಮೆರಾ ಎತ್ತಲಿಲ್ಲ. ಇಪ್ಪತ್ತು ನಿಮಿಷದ ನಂತರ ಅದು ಹಿಮಕ್ಕೆ ಬಿದ್ದು ಎದ್ದಾಗ ಕಾಲಿನಲ್ಲಿ ಇಲಿಯಿತ್ತು. ಹಾರಿಹೋದ ಮೇಲೆ ನನ್ನ ಗಲ್ಲದ ಮೇಲೆ ಕಣ್ಣೀರು ಹೆಪ್ಪುಗಟ್ಟಿರುವುದು ತಿಳಿಯಿತು.

ಆ ಗೂಬೆಯ ಜಾಗವನ್ನು ಯಾರಿಗೂ ಹೇಳಲಿಲ್ಲ, ಗುಂಪಿನವರಿಗೂ. ಅವರಲ್ಲಿ ಇಬ್ಬರಿಗೆ ಇದರಿಂದ ಬೇಸರವಿದೆ. ಆದರೆ ತೀರ್ಥಹಳ್ಳಿಯ ಸ್ನೇಹಿತರು ಮಾರ್ಚಿನಲ್ಲಿ ನನ್ನ ಜೊತೆ ಬಂದು, ನನ್ನ ಚಾಪೆಯ ಅರ್ಧದಲ್ಲಿ ನಿಂತು, ಐವತ್ತು ನಿಮಿಷಕ್ಕೆ ಹೆಣ್ಣು ಕಪ್ಪುಬೆನ್ನಿನ ಮರಕುಟಿಗವನ್ನು ನೋಡಿದರು. "ಒಂದು ಚಾಪೆ ನನಗೂ ಕತ್ತರಿಸಿಕೊಡಿ" ಎಂದರು.

ಅದೇ ದಿನ ಹಿಂತಿರುಗುವಾಗ ಒಂದು ಸ್ಪ್ರೂಸ್ ಗುಂಪಿನ ಕೆಳಗೆ ಬೇರೆ ಬಗೆಯ ಚೂರುಗಳನ್ನು ಕಂಡೆ, ಹೊಟ್ಟಿನಷ್ಟು ಸಣ್ಣವು. ಅಲ್ಲಿ ಬಲು ಅಪರೂಪವಾದ ಅಮೆರಿಕನ್ ತ್ರೀ-ಟೋಡ್ ಮರಕುಟಿಗದ ಕೆಲಸವಿರಬಹುದೆಂಬ ಆಸೆ. ಎರಡು ಗಂಟೆ ನಿಂತೆವು, ಕತ್ತಲಾಯಿತು. ಡಿಸೆಂಬರಿನ ಮೊದಲ ವಾರಕ್ಕೆ ರಜೆ ಹಾಕಿದ್ದೇನೆ. ಎರಡು ಚಾಪೆಗಳು ಕಾರಿನಲ್ಲೇ ಇವೆ.