ಗರಿಬುಡದಲ್ಲಿ ಮಾರೆಕ್ಸ್: ಲಸಿಕೆಯ ವೈರಸ್ಸನ್ನೂ ರೋಗದ ವೈರಸ್ಸನ್ನೂ ಬೇರ್ಪಡಿಸಿದ ನನ್ನ ಅನುಭವ

ಮಾರೆಕ್ಸ್ ಎಂಬುದು ಕೋಳಿಗಳಲ್ಲಿ ನರ ಊದಿಸಿ ಗೆಡ್ಡೆ ತರುವ ವೈರಸ್ ರೋಗ. ಲಸಿಕೆ ಹಾಕಿದ ಲೇಯರ್ (ಮೊಟ್ಟೆಕೋಳಿ) ಹಿಂಡಿನ ಗರಿಯಲ್ಲಿ ಮಾರೆಕ್ಸ್ ವೈರಸ್ ಇದೆ ಎಂದು ವರದಿ ಬರೆದುಕೊಟ್ಟರೆ ಅದರಿಂದ ಸಾಕಣೆದಾರನಿಗೆ ಕಾಸಿನ ಪ್ರಯೋಜನವೂ ಇಲ್ಲ. ಮಾರೆಕ್ಸ್ ತಡೆಯಲು ಹಾಕುವ ಜೀವಂತ ರಿಸ್ಪೆನ್ಸ್ ಲಸಿಕೆಯ ಸಿವಿಐ988 ತಳಿಯೂ ರೋಗ ತರುವ ವೈರಸ್ಸೂ ಒಂದೇ ಸೀರೋಟೈಪಿಗೆ (ವೈರಸ್ಸಿನ ಉಪಗುಂಪಿಗೆ) ಸೇರಿದವು. ಎರಡೂ ಗರಿಕೋಶದಲ್ಲೇ ಬೆಳೆಯುತ್ತವೆ, ಪಿಸಿಆರ್ (ಡಿಎನ್‌ಎಯ ಒಂದು ತುಂಡನ್ನು ಹಲವು ಪಟ್ಟು ಹೆಚ್ಚಿಸುವ ಪರೀಕ್ಷೆ) ಮಾಡಿ ಜೆಲ್ ಮೇಲೆ ಓಡಿಸಿದರೆ ಸಾಮಾನ್ಯ ಪ್ರೈಮರುಗಳಿಗೆ (ಆ ತುಂಡನ್ನು ಗುರುತಿಸುವ ಚಿಕ್ಕ ಡಿಎನ್‌ಎ ಎಳೆಗಳಿಗೆ) ಎರಡೂ ಒಂದೇ ಬ್ಯಾಂಡ್ (ಗೆರೆ) ಕೊಡುತ್ತವೆ. ಈ ಎರಡನ್ನು ಬೇರ್ಪಡಿಸಲು ಡಿಎನ್‌ಎ ಹೆಚ್ಚುವುದನ್ನು ಆಗಿಂದಾಗಲೇ ಅಳೆಯುವ ರಿಯಲ್-ಟೈಂ ಯಂತ್ರ ಮತ್ತು ಪ್ರೋಬ್ (ಗುರುತು ಹಿಡಿಯುವ ಹೊಳೆಯುವ ಡಿಎನ್‌ಎ ಎಳೆ) ಇಲ್ಲದೆ ಆಗದು, ಅದೂ ಗರಿಯಿಂದ ತೆಗೆದ ಅರೆಬರೆ ಶುದ್ಧ ಡಿಎನ್‌ಎಯಲ್ಲಿ, ಅದೂ ಜೆಲ್ ಮೇಲೆ ಸಾಧ್ಯವೇ ಇಲ್ಲ ಎಂದು ನನ್ನ ವೃತ್ತಿಬಾಂಧವರು ಒಬ್ಬರಲ್ಲ, ನಾಲ್ಕಾರು ಮಂದಿ ಹೇಳಿದ್ದರು. ದಾವಣಗೆರೆಯಲ್ಲಿ ನಾನು ನಡೆಸುತ್ತಿರುವ ಎರಡು ಕೋಣೆಯ ಪ್ರಯೋಗಾಲಯದಲ್ಲಿ ಅದು ಈಗ ದಿನನಿತ್ಯದ ಕೆಲಸವಾಗಿದೆ.

ಇದಕ್ಕೆ ಕೈಹಾಕಲು ಕಾರಣವಾದದ್ದು ನಮ್ಮ ಭಾಗದ ಒಂದು ಫಾರಂ. ಹದಿಮೂರು-ಹದಿನಾಲ್ಕು ವಾರದ ಪುಲ್ಲೆಟ್‌ಗಳು (ಇನ್ನೂ ಮೊಟ್ಟೆಯಿಡದ ಎಳೆ ಹೇಂಟೆಗಳು) ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ಬೀಳುತ್ತಿದ್ದವು. ಶವಪರೀಕ್ಷೆಯಲ್ಲಿ ಒಂದು ಬದಿಯ ಸಯಾಟಿಕ್ ನರ ಇನ್ನೊಂದರ ಎರಡರಷ್ಟು ದಪ್ಪವಾಗಿ, ಅಡ್ಡಗೆರೆಗಳು ಮಾಸಿ, ಹಳದಿ ಬಣ್ಣಕ್ಕೆ ತಿರುಗಿತ್ತು, ಯಕೃತ್ತಿನಲ್ಲಿ ಗಂಟುಗಳಿದ್ದವು. ಮರಿ ಕೊಟ್ಟ ಹ್ಯಾಚರಿಯವರು ತಾವು ಲಸಿಕೆ ಹಾಕಿಯೇ ಕಳುಹಿಸಿದ್ದೇವೆ, ಇದು ಲ್ಯೂಕೋಸಿಸ್ (ಗೆಡ್ಡೆ ತರುವ ಇನ್ನೊಂದು ವೈರಸ್ ರೋಗ) ಇರಬೇಕು ಎಂದರು. ಆ ವಯಸ್ಸಿನಲ್ಲಿ, ನರ ಊದಿಕೊಂಡಿರುವಾಗ ಲ್ಯೂಕೋಸಿಸ್ ಎಂಬ ಮಾತನ್ನು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಆದರೆ ಮಾಲೀಕರಿಗೆ ಬೇಕಾಗಿದ್ದದ್ದು ಬೇರೆ ಪ್ರಶ್ನೆಗೆ ಉತ್ತರ: ಲಸಿಕೆ ಹಿಡಿಯಲೇ ಇಲ್ಲವೇ, ಅಥವಾ ಹಿಡಿದ ಮೇಲೂ ರೋಗ ಬಂದಿದೆಯೇ? ಮೊದಲನೆಯದಾದರೆ ಹ್ಯಾಚರಿಯವರೊಡನೆ ಮಾತನಾಡಬೇಕು, ಎರಡನೆಯದಾದರೆ ತಮ್ಮದೇ ಬ್ರೂಡರ್ ಮನೆಯ ಸ್ವಚ್ಛತೆ ನೋಡಿಕೊಳ್ಳಬೇಕು. ಹತ್ತಾರು ಸಾವಿರ ಪುಲ್ಲೆಟ್‌ಗಳ ಶೆಡ್ಡಿನಲ್ಲಿ ಇದು ಲಕ್ಷಗಟ್ಟಲೆ ರೂಪಾಯಿಯ ಪ್ರಶ್ನೆ.

ಮೊದಲು ನಾನು ನೆಚ್ಚಿಕೊಂಡದ್ದು ಎಲ್ಲರಿಗೂ ಪರಿಚಿತವಾದ 132 ಬೇಸ್ (ಡಿಎನ್‌ಎಯ ಅಕ್ಷರ) ಪುನರಾವರ್ತನೆಯ ಪಿಸಿಆರ್ ಅನ್ನು. ರೋಗದ ವೈರಸ್ಸಿನಲ್ಲಿ ಎರಡು-ಮೂರು ಪ್ರತಿ, ದುರ್ಬಲಗೊಳಿಸಿದ ತಳಿಯಲ್ಲಿ ಅನೇಕ ಪ್ರತಿಗಳಿದ್ದು ಜೆಲ್ ಮೇಲೆ ಏಣಿಯಂತೆ ಕಾಣಬೇಕು ಎಂಬುದು ಲೆಕ್ಕ. ನನ್ನ ಕೈಗೆ ಬಂದ ಲಸಿಕೆಯ ಆಂಪೂಲ್‌ಗಳಲ್ಲಿ ಆ ಏಣಿಯ ಕೆಳಗಿನ ಮೆಟ್ಟಿಲುಗಳೇ ಎದ್ದು ಕಾಣುತ್ತಿದ್ದವು, ಮೇಲಿನವು ಮಸುಕು. ಅಂದ ಮೇಲೆ ಗರಿಯಲ್ಲಿ ಎರಡು ಪ್ರತಿಯ ಬ್ಯಾಂಡ್ ಕಂಡರೆ ಅದು ರೋಗದ್ದೋ ಲಸಿಕೆಯದ್ದೋ ಎಂದು ಯಾವ ಧೈರ್ಯದ ಮೇಲೆ ಹೇಳುವುದು? ಆ ದಾರಿಯನ್ನು ಬಿಟ್ಟೆ.

ಎರಡನೆಯದು ವೈರಸ್ಸಿನ ಗೆಡ್ಡೆ ತರುವ ಮೆಕ್ ಜೀನ್. ಅದರ ಪ್ರೋಲಿನ್ ಭಾಗದಲ್ಲಿ ಜಿ, ಸಿ ಬೇಸುಗಳು ದಟ್ಟವಾಗಿರುವುದರಿಂದ ಪಿಸಿಆರ್‌ನಲ್ಲಿ ಅದು ಸುಲಭಕ್ಕೆ ಏಳುವ ಜೀನ್ ಅಲ್ಲ. ಆ ಬಿಗಿಯನ್ನು ಸಡಿಲಿಸುವ ಡಿಎಂಎಸ್‌ಓ ದ್ರವವನ್ನು ಶೇಕಡಾ 5ರಷ್ಟು ಸೇರಿಸಿದ ಮೇಲೆ ಬ್ಯಾಂಡ್ ಬಂತು. ಸಿವಿಐ988ರಲ್ಲಿ ಸುಮಾರು 180 ಬೇಸುಗಳ ಸೇರ್ಪಡೆ ಇರುವುದರಿಂದ ಉದ್ದದ ಬ್ಯಾಂಡ್ ಲಸಿಕೆಯದ್ದು, ಗಿಡ್ಡದ್ದು ರೋಗದ್ದು ಎಂದು ಕೆಲವು ವಾರ ಸಂತೋಷಪಟ್ಟೆವು. ಆದರೆ ಅದೇ ಲಸಿಕೆಯೊಳಗೆ ಗಿಡ್ಡ ರೂಪವೂ ಜೊತೆಯಲ್ಲಿರುತ್ತದೆ, ಆಸ್ಟ್ರೇಲಿಯಾದ ಕ್ಷೇತ್ರತಳಿಗಳಲ್ಲಿ ಉದ್ದ ರೂಪವೂ ಸಿಗುತ್ತದೆ. ಒಂದೇ ಕೋಳಿಯಲ್ಲಿ ಎರಡೂ ವೈರಸ್ ಇರುವ ಸಂದರ್ಭದಲ್ಲಿ, ಅಂದರೆ ನಮಗೆ ನಿಜವಾಗಿ ಉತ್ತರ ಬೇಕಾದ ಸಂದರ್ಭದಲ್ಲಿಯೇ, ಈ ಪರೀಕ್ಷೆ ಮೌನವಾಗುತ್ತದೆ. ಪ್ರೈಮರು, ಜೆಲ್, ಬೆಂಗಳೂರಿಗೆ ಸೀಕ್ವೆನ್ಸಿಂಗಿಗೆ ಕಳುಹಿಸಿದ್ದು ಎಲ್ಲ ಸೇರಿ ಇಷ್ಟರಲ್ಲೇ ಇಪ್ಪತ್ತೈದು ಸಾವಿರದಷ್ಟು ಕೈಬಿಟ್ಟಿತ್ತು.

ಕೊನೆಗೆ ನಿಂತದ್ದು ವೈರಸ್ಸಿನ ಪಿಪಿ38 ಜೀನಿನ 320ನೇ ಸ್ಥಾನದಲ್ಲಿ. ರೋಗದ ವೈರಸ್ಸಿನಲ್ಲಿ ಅಲ್ಲಿ ಎ ಬೇಸ್, ಸಿವಿಐ988ರಲ್ಲಿ ಜಿ. ಇಂಗ್ಲೆಂಡಿನ ಪಿರ್‌ಬ್ರೈಟ್ ಸಂಸ್ಥೆಯವರು 2016ರಲ್ಲಿ ಇದೇ ಒಂದು ಬೇಸಿನ ಮೇಲೆ ಪ್ರೋಬ್ ಕಟ್ಟಿ ರಿಯಲ್-ಟೈಂ ವಿಧಾನವನ್ನು ತೋರಿಸಿದ್ದಾರೆ. ವಿಧಾನ ಸೊಗಸಾಗಿದೆ, ಆದರೆ ಎರಡು ಪ್ರೋಬಿಗೆ ನಾನು ಕೇಳಿದ ದರ ನಲವತ್ತು ಸಾವಿರದ ಹತ್ತಿರವಿತ್ತು, ಯಂತ್ರದ ಮಾತು ಬೇರೆ. ನನ್ನಲ್ಲಿದ್ದದ್ದು ತೊಂಬತ್ತು ಸಾವಿರಕ್ಕೆ ಕೊಂಡ ಹಳೆಯ ಗ್ರೇಡಿಯಂಟ್ ಥರ್ಮೋಸೈಕ್ಲರ್ (ಪಿಸಿಆರ್ ಯಂತ್ರ). ಆದ್ದರಿಂದ, ಹೊಸ ಡಿಎನ್‌ಎ ಬೆಳೆಯತೊಡಗುವ 3' ತುದಿಯ ಕೊನೆಯ ಬೇಸ್ ಒಂದರಲ್ಲಿ ಎಗೆ, ಇನ್ನೊಂದರಲ್ಲಿ ಜಿಗೆ ಹೊಂದುವ ಎರಡು ಪ್ರೈಮರುಗಳನ್ನೂ ಎರಡಕ್ಕೂ ಸಾಮಾನ್ಯವಾದ ಒಂದು ಹಿಮ್ಮುಖ ಪ್ರೈಮರನ್ನೂ ಮಾಡಿಸಿದೆ. ಮೂರಕ್ಕೂ ಸೇರಿ ಸಾವಿರದ ಒಳಗೇ ಮುಗಿಯಿತು. ಪ್ರತಿ ಮಾದರಿಗೂ ಎರಡು ಟ್ಯೂಬ್. ಲಸಿಕೆಯ ಟ್ಯೂಬಿನಲ್ಲಿ ಬ್ಯಾಂಡ್ ಬಂದರೆ ಲಸಿಕೆ, ರೋಗದ ಟ್ಯೂಬಿನಲ್ಲಿ ಬಂದರೆ ರೋಗ.

ಹೇಳಿದಷ್ಟು ಸುಲಭಕ್ಕೆ ಅದು ಬಗ್ಗಲಿಲ್ಲ. ಕೊನೆಯ ಒಂದು ಬೇಸ್ ಮಾತ್ರ ತಪ್ಪಿದ್ದರೆ ಟ್ಯಾಕ್ (ಡಿಎನ್‌ಎ ನಕಲಿಸುವ ಕಿಣ್ವ) ಅದನ್ನು ಲೆಕ್ಕಿಸದೆ ಮುಂದುವರಿಯುತ್ತದೆ; ಲಸಿಕೆಯ ಆಂಪೂಲ್ ಎರಡೂ ಟ್ಯೂಬಿನಲ್ಲಿ ಬ್ಯಾಂಡ್ ಕೊಡುತ್ತಿತ್ತು. ತುದಿಯ ಹಿಂದಿನ ಬೇಸುಗಳಲ್ಲಿ ಇನ್ನೊಂದು ತಪ್ಪನ್ನು ಬೇಕೆಂದೇ ಇಟ್ಟಾಗ ಪ್ರೈಮರು ಎರಡು ತಪ್ಪನ್ನು ಸಹಿಸದೆ ಬಿದ್ದುಹೋಗುತ್ತದೆ, ಒಂದೇ ತಪ್ಪಿರುವಲ್ಲಿ ನಿಲ್ಲುತ್ತದೆ. ಆ ಎರಡನೆಯ ತಪ್ಪನ್ನು ಎಷ್ಟನೇ ಸ್ಥಾನದಲ್ಲಿ ಇಟ್ಟೆ, ಯಾವ ಬೇಸನ್ನು ಬದಲಿಸಿದೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಐದಾರು ಜೋಡಿ ಪ್ರೈಮರಿನ ಹಣ ತೆತ್ತು ಕಂಡುಕೊಂಡದ್ದು ಅದು. ಅನೀಲಿಂಗ್ (ಪ್ರೈಮರು ಡಿಎನ್‌ಎಗೆ ಅಂಟುವ) ಉಷ್ಣತೆಯನ್ನು ಅರ್ಧರ್ಧ ಡಿಗ್ರಿ ಏರಿಸುತ್ತ ಹೋದಾಗ ಒಂದು ಕಡೆ ತಪ್ಪು ಬ್ಯಾಂಡ್ ಮಾಯವಾಗಿ ಸರಿಯಾದದ್ದು ಉಳಿಯುತ್ತದೆ, ಅದಕ್ಕೂ ಒಂದು ಡಿಗ್ರಿ ಮೇಲೆ ಹೋದರೆ ಎರಡೂ ಹೋಗುತ್ತವೆ ಎಂಬುದನ್ನು ಮಾತ್ರ ಹೇಳಬಲ್ಲೆ.

ಎಲ್ಲ ಸರಿಯಾಯಿತು ಎನ್ನುವಾಗ ಒಂದು ದಿನದಿಂದ ಮತ್ತೆ ಪ್ರತಿಯೊಂದು ಮಾದರಿಯೂ ಎರಡೂ ಟ್ಯೂಬಿನಲ್ಲಿ ಪಾಸಿಟಿವ್. ನೀರಿನ ಕಂಟ್ರೋಲ್ (ಮಾದರಿಯ ಬದಲು ಬರೀ ನೀರು ಹಾಕಿದ ಟ್ಯೂಬ್) ಸ್ವಚ್ಛವಾಗಿಯೇ ಇದ್ದುದರಿಂದ ಇದು ಕಲಬೆರಕೆಯಲ್ಲ ಎಂಬುದು ಸ್ಪಷ್ಟವಿತ್ತು. ಪ್ರೈಮರು ಬದಲಿಸಿದೆ, ಯಂತ್ರದ ಉಷ್ಣತೆಯನ್ನು ಬೇರೆ ಮಾಪಕದಿಂದ ಪರಿಶೀಲಿಸಿದೆ, ಏನೂ ಸಿಗಲಿಲ್ಲ. ಕೊನೆಗೆ ತಿಳಿದದ್ದು, ಸರಬರಾಜುದಾರರು ಮಾಮೂಲಿ ಟ್ಯಾಕ್ ಮುಗಿದಿದೆ ಎಂದು ಅದೇ ಬೆಲೆಗೆ 'ಇನ್ನೂ ಒಳ್ಳೆಯದು' ಎಂದು ಪ್ರೂಫ್‌ರೀಡಿಂಗ್ ಕಿಣ್ವ ಬೆರೆಸಿದ ಮಿಶ್ರಣವನ್ನು ಕಳುಹಿಸಿದ್ದರು ಎಂದು. ಆ ಕಿಣ್ವವು ಪ್ರೈಮರಿನ ತುದಿಯ ತಪ್ಪು ಬೇಸನ್ನು ಕತ್ತರಿಸಿ ಸರಿಪಡಿಸಿ ಮುಂದೆ ಸಾಗುತ್ತದೆ; ನಮ್ಮ ಪರೀಕ್ಷೆಯೆಲ್ಲ ನಿಂತಿರುವುದೇ ಆ ತಪ್ಪಿನ ಮೇಲೆ. ಈ ಕೆಲಸಕ್ಕೆ ಪ್ರೂಫ್‌ರೀಡಿಂಗ್ ಇಲ್ಲದ, ಅಗ್ಗದ ಹಾಟ್-ಸ್ಟಾರ್ಟ್ ಟ್ಯಾಕ್ ಸಾಕು, ಅದೇ ಬೇಕು.

ಇನ್ನು ಗರಿಯ ವಿಷಯ. ಡಿಎನ್‌ಎ ತೆಗೆಯುವ ಕಾಲಂ ಕಿಟ್ಟಿನಲ್ಲಿ ಮಾದರಿಯೊಂದಕ್ಕೆ ಇನ್ನೂರರ ಮೇಲೆ ಬೀಳುತ್ತಿತ್ತು. ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕುದಿಸುವ ವಿಧಾನ ಬಿಳಿ ಗರಿಯಲ್ಲಿ ಒಮ್ಮೆ ಬಂದರೆ ಇನ್ನೊಮ್ಮೆ ಬಾರದು. ಫೀನಾಲ್-ಕ್ಲೋರೋಫಾರಂ ಚೆನ್ನಾಗಿಯೇ ಕೆಲಸ ಮಾಡಿತಾದರೂ ಕಿಟಕಿ ಒಂದೇ ಇರುವ ಕೋಣೆಯಲ್ಲಿ ಅದನ್ನು ದಿನವೂ ಮಾಡುವುದು ಬೇಡವೆನಿಸಿತು. ಈಗ ಮಾಡುತ್ತಿರುವುದು ಇಷ್ಟು: ರೆಕ್ಕೆಯ ಕೆಳಭಾಗದ ಎಳೆಯ, ಇನ್ನೂ ಬೆಳೆಯುತ್ತಿರುವ ಗರಿಯನ್ನು ಕಿತ್ತು, ಬುಡದ ಅರ್ಧ ಸೆಂಟಿಮೀಟರನ್ನು ಮಾತ್ರ ಕತ್ತರಿಸಿ, ಪ್ರೋಟೀನ್ ಕರಗಿಸುವ ಪ್ರೋಟಿನೇಸ್-ಕೆ ಕಿಣ್ವ ಮತ್ತು ಗರಿಯ ಕೆರಾಟಿನ್ ಸಡಿಲಿಸುವ ಡಿಟಿಟಿ ಬೆರೆಸಿದ ಬಫರಿನಲ್ಲಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುವುದು; ಬೆಳಿಗ್ಗೆ ಕಿಣ್ವವನ್ನು 95 ಡಿಗ್ರಿಯಲ್ಲಿ ಕೊಂದು, ಉಪ್ಪಿನಿಂದ ಪ್ರೋಟೀನ್ ಕೆಡವಿ, ಆಲ್ಕೋಹಾಲಿನಲ್ಲಿ ಡಿಎನ್‌ಎ ಇಳಿಸುವುದು. ಎಳೆ ಗರಿಯ ಬುಡವನ್ನು ಕತ್ತರಿಸಿದಾಗ ಒಳಗೆ ಕೆಂಪು ತಿರುಳು ತುಂಬಿರಬೇಕು. ಕೊಳವೆ ಒಣಗಿ ಬೆಳ್ಳಗೆ ಟೊಳ್ಳಾಗಿದ್ದರೆ ಆ ಗರಿಯನ್ನು ಎಸೆದು ಇನ್ನೊಂದನ್ನು ಕೀಳಬೇಕು. ಖರ್ಚು ಮಾದರಿಗೆ ಮೂವತ್ತೈದು-ನಲವತ್ತು ರೂಪಾಯಿ.

ಬಿಳಿ ಲೇಯರುಗಳಲ್ಲಿ ಇಷ್ಟು ಸಾಕು. ಹಿತ್ತಲಿನ ಗಿರಿರಾಜ, ಅಸೀಲ್ ಕೋಳಿಗಳ ಗರಿ ಬಂದಾಗ ಮಾತ್ರ ಲೈಸೇಟ್ (ಗರಿ ಕರಗಿಸಿದ ದ್ರವ) ಕಷಾಯದ ಬಣ್ಣಕ್ಕೆ ತಿರುಗಿತು, ಕೋಳಿಯ ಸ್ವಂತ ಜೀನಿಗೆ ಇಟ್ಟ ಕಂಟ್ರೋಲ್ ಬ್ಯಾಂಡೇ ಬರಲಿಲ್ಲ. ಗರಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಟ್ಯಾಕನ್ನು ಕಟ್ಟಿಹಾಕುತ್ತದೆ. ಹತ್ತರಷ್ಟು ತೆಳುವಾಗಿಸಿ, ಬಿಎಸ್ಎ ಪ್ರೋಟೀನನ್ನು ಸ್ವಲ್ಪ ಧಾರಾಳವಾಗಿಯೇ ಹಾಕಿದ ಮೇಲೆ ಬ್ಯಾಂಡ್ ಮರಳಿತು. ಓವೋಟ್ರಾನ್ಸ್‌ಫೆರಿನ್ ಎಂಬ ಕೋಳಿಯ ಜೀನಿನ ಈ ಕಂಟ್ರೋಲ್ ಇಲ್ಲದೆ ಬಣ್ಣದ ಗರಿಗೆ 'ನೆಗೆಟಿವ್' ಎಂದು ವರದಿ ಕೊಡುವ ಪ್ರಯೋಗಾಲಯಗಳ ಬಗ್ಗೆ ನನಗೆ ಗೌರವವಿಲ್ಲ.

ಸಾಗಣೆಯೇ ಈ ವಿಧಾನದ ನಿಜವಾದ ಗೆಲುವು. ಮಾರೆಕ್ಸ್ ಡಿಎನ್‌ಎ ವೈರಸ್ ಆದುದರಿಂದ ಬೇಗ ಕೆಡುವ ಆರ್‌ಎನ್‌ಎ ವೈರಸ್ಸಿನ ರಾಣಿಖೇತ್ ಮಾದರಿಗಳಂತೆ ಐಸ್ ಪೆಟ್ಟಿಗೆಯ ಗೋಳಿಲ್ಲ. ಕಾಗದದ ಲಕೋಟೆಯಲ್ಲಿ ಒಣಗಿಸಿಟ್ಟ ಗರಿ ಹೊಸಪೇಟೆಯಿಂದಲೋ ಕೊಪ್ಪಳದಿಂದಲೋ ಬಸ್ಸಿನ ಪಾರ್ಸಲ್ಲಿನಲ್ಲಿ ಬಂದು, ಮೇಜಿನ ಮೇಲೆ ವಾರ ಕಳೆದ ಮೇಲೂ ಬ್ಯಾಂಡ್ ಕೊಟ್ಟಿದೆ. ಪ್ಲಾಸ್ಟಿಕ್ ಕವರಿನಲ್ಲಿ ಬಂದದ್ದು ಬೂಷ್ಟು ಹಿಡಿದಿರುತ್ತದೆ, ಡಿಎನ್‌ಎ ಚೂರಾಗಿರುತ್ತದೆ. ಆದರೆ ಗರಿಯಿಂದ ಉದುರುವ ಹೊಟ್ಟುಧೂಳೇ ವೈರಸ್ಸಿನ ವಾಹನ ಎಂಬುದನ್ನು ಮರೆಯಲಾಗದು. ಲಕೋಟೆ ಒಡೆಯುವ ಕೋಣೆಯನ್ನೂ ಪಿಸಿಆರ್ ಕೂಡಿಸುವ ಕೋಣೆಯನ್ನೂ ಬೇರೆ ಮಾಡಿ, ಫ್ಯಾನ್ ಬಂದ್ ಮಾಡಿದ ಮೇಲೆಯೇ ನೀರಿನ ಕಂಟ್ರೋಲ್ ನಂಬಿಕೆಗೆ ಅರ್ಹವಾಯಿತು.

ನಡುವೆ ಎರಡು ಅಡ್ಡದಾರಿಗಳನ್ನೂ ತುಳಿದೆ. ಶೆಡ್ಡಿನ ಫ್ಯಾನಿನ ಅಲಗಿನಿಂದ ಧೂಳು ಕೆರೆದು ಪರೀಕ್ಷಿಸಿದರೆ ಇಡೀ ಹಿಂಡಿನ ಚಿತ್ರ ಒಂದೇ ಟ್ಯೂಬಿನಲ್ಲಿ ಸಿಗುತ್ತದೆ. ಅದು ಚೆನ್ನಾಗಿಯೇ ಬಂತು, ಆದರೆ ಹಳೆಯ ಹಿಂಡಿನ ಧೂಳೂ ಅದರಲ್ಲೇ ಇರುವುದರಿಂದ ಶೆಡ್ ತೊಳೆದ ಮೇಲೆ ತಟ್ಟೆ ತೂಗುಹಾಕಿ ಹಿಡಿದ ಧೂಳಿಗೆ ಮಾತ್ರ ಬೆಲೆ. ಇನ್ನೊಂದು, ಬಣ್ಣ ಬದಲಾಗುವ ಲ್ಯಾಂಪ್ ಪರೀಕ್ಷೆ (ಒಂದೇ ಉಷ್ಣತೆಯಲ್ಲಿ ಡಿಎನ್‌ಎ ಹೆಚ್ಚಿಸುವ ವಿಧಾನ). ಫೀನಾಲ್ ರೆಡ್ ಬಣ್ಣ ಬದಲಾಗಬೇಕಾದರೆ ದ್ರವ ಆಮ್ಲೀಯವಾಗಬೇಕು; ನನ್ನ ಗರಿಯ ಲೈಸೇಟಿನ ಟ್ರಿಸ್ ಬಫರ್ ಅದಕ್ಕೆ ಎಡೆಗೊಡುವುದಿಲ್ಲ, ವೈರಸ್ ಎಷ್ಟಿದ್ದರೂ ಟ್ಯೂಬ್ ಗುಲಾಬಿಯಾಗಿಯೇ ಉಳಿಯಿತು. ಹೈಡ್ರಾಕ್ಸಿನಾಫ್ತಾಲ್ ಬ್ಲೂ ಹಾಕಿದಾಗ ನೇರಳೆಯಿಂದ ನೀಲಿಗೆ ತಿರುಗಿತಾದರೂ ಕಂದು ಬಣ್ಣದ ಮಾದರಿಯಲ್ಲಿ ಆ ವ್ಯತ್ಯಾಸ ಕಣ್ಣಿಗೆ ಹತ್ತುವುದಿಲ್ಲ. ಅಲ್ಲಿಗೇ ಕೈಬಿಟ್ಟೆ.

ಸೂಕ್ಷ್ಮತೆಯನ್ನು ನೋಡಲು ಲಸಿಕೆಯ ಡಿಎನ್‌ಎಯನ್ನೂ, ಸೀಕ್ವೆನ್ಸ್ ಮಾಡಿಸಿ ಎ ಎಂದು ಖಚಿತಪಡಿಸಿಕೊಂಡ ಗೆಡ್ಡೆಯ ಡಿಎನ್‌ಎಯನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದೆ. ನೂರು ಪಾಲಿನಲ್ಲಿ ಒಂದು ಪಾಲು ರೋಗದ ವೈರಸ್ ಇದ್ದರೂ ಬ್ಯಾಂಡ್ ಕಾಣುತ್ತದೆ. ಅದಕ್ಕಿಂತ ಕೆಳಗೆ ನಾನು ಸಹಿ ಹಾಕುವುದಿಲ್ಲ.

ಆ ಮೊದಲ ಫಾರಂನ ಗರಿಗಳಲ್ಲಿ ರೋಗದ ಟ್ಯೂಬ್ ಎಲ್ಲದರಲ್ಲೂ ಹೊಳೆಯುತ್ತಿತ್ತು, ಲಸಿಕೆಯ ಟ್ಯೂಬ್ ಇಪ್ಪತ್ತರಲ್ಲಿ ಎರಡೋ ಮೂರೋ ಬಿಟ್ಟರೆ ಖಾಲಿ. ಲಸಿಕೆ ಹಿಡಿದೇ ಇರಲಿಲ್ಲ. ಜೆಲ್ಲಿನ ಚಿತ್ರವನ್ನು ಮುಂದಿಟ್ಟ ಮೇಲೆ ಹ್ಯಾಚರಿಯವರು ಲ್ಯೂಕೋಸಿಸ್ ಮಾತನ್ನು ಬಿಟ್ಟು, ಮುಂದಿನ ಬ್ಯಾಚಿನ ದರದಲ್ಲಿ ಒಂದಿಷ್ಟು ಇಳಿಸಿದರು. ಮಾಲೀಕರು ಆ ಬ್ಯಾಚಿಗೆ ತಾವೇ ಹೋಗಿ ನಿಂತು, ಆಂಪೂಲನ್ನು ದ್ರವ ಸಾರಜನಕದಿಂದ ತೆಗೆದು 27 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಕರಗಿಸುವುದನ್ನೂ, ಬೆರೆಸಿದ ಲಸಿಕೆಯನ್ನು ಒಂದು ಗಂಟೆಯೊಳಗೆ ಮುಗಿಸುವುದನ್ನೂ ಕಣ್ಣಾರೆ ನೋಡಿ ಬಂದರು. ಮೂರನೇ ವಾರದಲ್ಲಿ ಆ ಮರಿಗಳ ಗರಿ ತರಿಸಿದಾಗ ಲಸಿಕೆಯ ಟ್ಯೂಬ್ ಬಹುತೇಕ ಎಲ್ಲದರಲ್ಲೂ ಬಂದಿತ್ತು, ರೋಗದ್ದು ಒಂದರಲ್ಲೂ ಇಲ್ಲ. ಜೆಲ್ ಮೇಲೆ ಸಾಧ್ಯವೇ ಇಲ್ಲ ಎಂದಿದ್ದ ಹಿರಿಯರೊಬ್ಬರು ಈಗ ತಮ್ಮ ಗಿರಾಕಿಗಳ ಲಕೋಟೆಗಳನ್ನು ನನಗೇ ಕಳುಹಿಸುತ್ತಿದ್ದಾರೆ. ಅವರಿಗೆ ರಿಯಾಯಿತಿಯನ್ನೇನೂ ಕೊಟ್ಟಿಲ್ಲ.

ಐದು ಕೋಳಿಯ ಗರಿಯನ್ನು ಒಂದು ಮಾದರಿಯಾಗಿ ಸೇರಿಸಿದರೆ ನಾಲ್ಕು ನೂರು ರೂಪಾಯಿ ತೆಗೆದುಕೊಳ್ಳುತ್ತೇನೆ. ಆದರೆ ಎಷ್ಟು ಮರಿಗಳಿಗೆ ಲಸಿಕೆ ಹಿಡಿದಿದೆ ಎಂಬ ಪ್ರಶ್ನೆಗೆ ಸೇರಿಸಿದ ಮಾದರಿ ಉತ್ತರ ಕೊಡದು, ಅಲ್ಲಿ ಒಂದೊಂದನ್ನೂ ಬೇರೆಯಾಗಿಯೇ ಮಾಡಬೇಕು. ಬರೀ ಎಚ್‌ವಿಟಿ (ಟರ್ಕಿ ಕೋಳಿಯ ಹರ್ಪಿಸ್ ವೈರಸ್ಸಿನಿಂದ ಮಾಡಿದ ಮಾರೆಕ್ಸ್ ಲಸಿಕೆ) ಹಾಕಿಸಿದ ಹಿಂಡಿಗೆ ಲಸಿಕೆಯ ಟ್ಯೂಬ್ ಏನನ್ನೂ ಹೇಳುವುದಿಲ್ಲ, ಅದು ಬೇರೆಯೇ ವೈರಸ್. ಅದರ ಎಸ್‌ಓಆರ್‌ಎಫ್1 ಜೀನಿಗೆ ಪ್ರೈಮರು ತರಿಸಿ ಮೂರನೆಯ ಟ್ಯೂಬನ್ನು ಕೂಡಿಸುತ್ತಿದ್ದೇನೆ, ಬಿಳಿ ಗರಿಯಲ್ಲಿ ಬ್ಯಾಂಡ್ ಬರುತ್ತಿದೆ, ಬಣ್ಣದ ಗರಿಯಲ್ಲಿ ಇನ್ನೂ ಇಲ್ಲ.